ಸೋಸಿದ ಮೇಲಿನ ಕೆಲಸ
(ತೋರಣಗಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ವಿಜಯನಗರದ ಶಾಸನ ಎಂಬ ರೂಢಿ ನಮ್ಮ ಭಾಗದಲ್ಲಿದೆ. ಹಂಪಿ ಹತ್ತಿರದಲ್ಲೇ ಇರುವಾಗ ಅದು ಸಹಜವೇ. ಈ ಸಲ ವಿಜ್ಞಾನದ ವಿಷಯವಿರಲಿ ಎಂದು ದತ್ತಿಯ ಕುಟುಂಬದವರು ಬಯಸಿದರು. ನಾನು ಆರಿಸಿಕೊಂಡದ್ದು ಕೂದಲೆಳೆಗಿಂತ ತೆಳ್ಳಗಿರುವ ಒಂದು ನಳಿಕೆಯನ್ನು. ಅದು ನಿಮ್ಮ ಒಬ್ಬೊಬ್ಬರ ಮೈಯಲ್ಲೂ ಸುಮಾರು ಇಪ್ಪತ್ತು ಲಕ್ಷದಷ್ಟಿದೆ.

ಮೊದಲು ಒಂದು ಲೆಕ್ಕ. ಆರೋಗ್ಯವಂತರ ಎರಡೂ ಮೂತ್ರಪಿಂಡಗಳು ಸೇರಿ ರಕ್ತದಿಂದ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವವನ್ನು ಸೋಸುತ್ತವೆ. ಗಂಟೆಗೆ ಏಳೂವರೆ ಲೀಟರ್ ಆಯಿತು, ದಿನಕ್ಕೆ 180 ಲೀಟರ್. ನಮ್ಮ ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿಯುವ ದ್ರವಭಾಗ, ಅಂದರೆ ಪ್ಲಾಸ್ಮಾ, ಇರುವುದೇ ಮೂರು ಲೀಟರಿನಷ್ಟು. ಅಷ್ಟನ್ನೂ ದಿನಕ್ಕೆ ಅರವತ್ತು ಸಲ ಸೋಸಿದಂತಾಯಿತು. ಆದರೆ ನಾವು ಹೊರಗೆ ಹಾಕುವ ಮೂತ್ರ ಒಂದೂವರೆ ಲೀಟರ್. ಹಾಗಾದರೆ ಉಳಿದ 178 ಲೀಟರ್?

ಇದೇ ಲೆಕ್ಕವನ್ನು ಉಪ್ಪಿಗೆ ಹಾಕಿ ನೋಡಿ. ಆ 180 ಲೀಟರಿನಲ್ಲಿ ಕರಗಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ತೂಕಕ್ಕೆ ತಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ. ನಾವು ದಿನಕ್ಕೆ ತಿನ್ನುವುದು ಸುಮಾರು ಹತ್ತು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಮಾತು ಕೇಳಿದರೆ ಐದೇ ಗ್ರಾಂ ಸಾಕು. ಸಕ್ಕರೆ, ಅಂದರೆ ಗ್ಲೂಕೋಸ್, ದಿನಕ್ಕೆ 180 ಗ್ರಾಂ ಸೋಸಿಹೋಗುತ್ತದೆ. ಅಡುಗೆ ಸೋಡಾದ ಲೆಕ್ಕದಲ್ಲಿ ಹೇಳುವುದಾದರೆ ಬೈಕಾರ್ಬನೇಟ್ 360 ಗ್ರಾಂ. ಇಷ್ಟೆಲ್ಲ ನಿಜವಾಗಿಯೂ ಹೊರಗೆ ಹೋಗಿಬಿಟ್ಟರೆ ಮನುಷ್ಯ ಒಂದು ಹೊತ್ತೂ ಬದುಕುವುದಿಲ್ಲ. ಅರ್ಧ ಗಂಟೆಗೆ ಒಂದು ಸಲ ಮೈಯ ಪ್ಲಾಸ್ಮಾ ಪೂರ್ತಿ ಖಾಲಿಯಾಗುತ್ತದೆ ಎಂದಿಟ್ಟುಕೊಳ್ಳಿ.

ಕಿಡ್ನಿ ಎಂದರೆ ಜರಡಿ ಎಂದು ನಾವೆಲ್ಲ ಹೇಳುತ್ತೇವೆ. ಶಾಲೆಯ ಪುಸ್ತಕವೂ ಹಾಗೆಯೇ ಶುರುಮಾಡುತ್ತದೆ, ಆಸ್ಪತ್ರೆಯ ಗೋಡೆಯ ಚಿತ್ರವೂ ಅದನ್ನೇ ತೋರಿಸುತ್ತದೆ. ಅದು ತಪ್ಪಲ್ಲ, ಅರ್ಧ. ಸೋಸುವ ಕೆಲಸ ಗ್ಲೊಮೆರುಲಸ್ ಎಂಬ ರಕ್ತನಾಳದ ಉಂಡೆಯಲ್ಲಿ ನಡೆದುಹೋಗುತ್ತದೆ. ಅಲ್ಲಿ ರಕ್ತಕಣ ಮತ್ತು ದೊಡ್ಡ ಪ್ರೋಟೀನುಗಳನ್ನು ತಡೆಯುವುದು ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ. ಬೇಕಾದ ಸಕ್ಕರೆಯೂ ಬೇಡದ ಯೂರಿಯಾವೂ ಒಟ್ಟಿಗೇ ಆಚೆ ಬೀಳುತ್ತವೆ. ಬೇಕು ಬೇಡಗಳ ತೀರ್ಮಾನ ಆಗುವುದು ಅದರ ಮುಂದಿನ ನಳಿಕೆಯಲ್ಲಿ. ಉಂಡೆಗೊಂದು ನಳಿಕೆ, ಎರಡೂ ಸೇರಿ ಒಂದು ನೆಫ್ರಾನ್. ಒಂದೊಂದು ಕಿಡ್ನಿಯಲ್ಲಿ ಹೆಚ್ಚುಕಡಿಮೆ ಹತ್ತು ಲಕ್ಷ. ಒಂದೊಂದು ನಳಿಕೆ ಮೂರು ಸೆಂಟಿಮೀಟರ್ ಎಂದು ಹಿಡಿದು ಎಲ್ಲವನ್ನೂ ಉದ್ದಕ್ಕೆ ಜೋಡಿಸಿದರೆ ಅರವತ್ತು ಕಿಲೋಮೀಟರ್ ಆಗುತ್ತದೆ. ಬಳ್ಳಾರಿಯಿಂದ ಹೊರಟು ನಮ್ಮೂರನ್ನು ದಾಟಿ ಹೊಸಪೇಟೆ ಮುಟ್ಟುವಷ್ಟು ದೂರ.

ಇದು ಎಂಥ ಏರ್ಪಾಡು ಎಂದು ಯಾರಿಗಾದರೂ ಅನ್ನಿಸಬೇಕು. ಎಲ್ಲವನ್ನೂ ಎಸೆದು, ಆಮೇಲೆ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಮತ್ತೆ ಎತ್ತಿಕೊಳ್ಳುವ ಬದಲು ಬೇಡದ್ದನ್ನಷ್ಟೇ ಆರಿಸಿ ಎಸೆಯಬಾರದಿತ್ತೇ? ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಹೋಮರ್ ಸ್ಮಿತ್ ಇದಕ್ಕೆ ಮೀನುಗಳ ಕಡೆಯಿಂದ ಉತ್ತರ ಹುಡುಕಿದ. ಅವನ ಊಹೆಯಂತೆ ನಮ್ಮ ಹಳೆಯ ಪೂರ್ವಜರು ಸಿಹಿನೀರಿನಲ್ಲಿ ಇದ್ದ ಜೀವಿಗಳು. ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತಿತ್ತು, ಅದನ್ನು ಹೊರಹಾಕಲು ಸೋಸುವ ಉಂಡೆ ಬೇಕಾಯಿತು. ಮುಂದೆ ನೆಲಕ್ಕೆ ಬಂದಾಗ ನೀರು ಉಳಿಸುವ ಕಾಲ ಬಂತು. ಹಳೆಯ ಉಂಡೆಯನ್ನು ಕಿತ್ತುಹಾಕದೆ ಅದರ ಮುಂದಿನ ನಳಿಕೆಯನ್ನೇ ಉದ್ದ ಮಾಡಿಕೊಂಡೆವು. ಎಲ್ಲರೂ ಈ ಊಹೆಯನ್ನು ಒಪ್ಪಿಲ್ಲ. ನನಗೆ ಮನವರಿಕೆಯಾಗುವ ಇನ್ನೊಂದು ಕಾರಣ ಇದು: ಬೇಡದ್ದನ್ನು ಆರಿಸಿ ಎಸೆಯಬೇಕಾದರೆ ಲೋಕದ ಪ್ರತಿಯೊಂದು ವಿಷವನ್ನೂ ಮೈ ಮೊದಲೇ ಗುರುತಿಸಿಕೊಂಡಿರಬೇಕು. ಬೇಕಾದ್ದನ್ನು ಆರಿಸಿಕೊಳ್ಳುವುದಾದರೆ ಪಟ್ಟಿ ಚಿಕ್ಕದು. ಪಟ್ಟಿಯಲ್ಲಿಲ್ಲದ್ದು ಬಹುಪಾಲು ತಾನಾಗಿಯೇ ಹೊರಗೆ ಹೋಗುತ್ತದೆ. ನಿನ್ನೆ ಪ್ರಯೋಗಾಲಯದಲ್ಲಿ ಹುಟ್ಟಿದ ರಾಸಾಯನಿಕಕ್ಕೂ ಈ ನಿಯಮ ಅನ್ವಯಿಸುತ್ತದೆ.

ಎಲ್ಲವನ್ನೂ ಸೋಸಿ ಮತ್ತೆ ಎತ್ತಿಕೊಳ್ಳುವ ಈ ಸಂಗತಿ ಸುಲಭವಾಗಿ ಗೊತ್ತಾದದ್ದಲ್ಲ. 1842ರಲ್ಲಿ ಲಂಡನ್ನಿನ ವಿಲಿಯಂ ಬೌಮನ್ ಉಂಡೆಗೂ ನಳಿಕೆಗೂ ಇರುವ ಕೂಡಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಉಂಡೆ ನೀರು ಕೊಡುತ್ತದೆ, ಕಶ್ಮಲವನ್ನು ನಳಿಕೆಯ ಗೋಡೆ ಸ್ರವಿಸುತ್ತದೆ ಎಂದು ಅವನ ತರ್ಕ. ಅದೇ ಕಾಲದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಇಲ್ಲ ಎಂದ: ಎಲ್ಲವೂ ಉಂಡೆಯಲ್ಲೇ ಸೋಸಿ ಬರುತ್ತದೆ, ನಳಿಕೆ ಬರೀ ಹೀರಿಕೊಳ್ಳುತ್ತದೆ. ಹೈಡೆನ್‌ಹೈನ್ ಎಂಬ ಇನ್ನೊಬ್ಬ ವಿಜ್ಞಾನಿ ಬೌಮನ್ನನ ಕಡೆ ನಿಂತ. ಲುಡ್ವಿಗ್ ಹೇಳುವುದು ನಿಜವಾದರೆ ದಿನಕ್ಕೆ ಹತ್ತಾರು ಲೀಟರ್ ಸೋಸಿ ಮತ್ತೆ ಹೀರಬೇಕಾಗುತ್ತದೆ, ಅದು ಅಸಂಭವ ಎಂದು ಲೆಕ್ಕ ಹಾಕಿ ತೋರಿಸಿದ. ಲೆಕ್ಕದ ದಾರಿ ಸರಿಯಿತ್ತು. ಅವನು ಅಸಂಭವ ಎಂದದ್ದಕ್ಕಿಂತಲೂ ಹೆಚ್ಚು ದ್ರವ ನಿಜದಲ್ಲಿ ಹರಿಯುತ್ತಿತ್ತು, ಅಷ್ಟೇ.

ಎಂಬತ್ತು ವರ್ಷ ಎಳೆದ ಈ ಜಗಳ ಬಗೆಹರಿದದ್ದು ಒಂದು ಕಪ್ಪೆ ಮತ್ತು ಒಂದು ಮೀನಿನಿಂದ. ಪೆನ್ಸಿಲ್ವೇನಿಯಾದಲ್ಲಿ ವೇರ್ನ್ ಮತ್ತು ರಿಚರ್ಡ್ಸ್ ಕಪ್ಪೆಯ ಕಿಡ್ನಿಯ ಉಂಡೆಯೊಳಗೆ ಸೂಜಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಗಾಜಿನ ಕೊಳವೆ ಚುಚ್ಚಿ ಹನಿ ದ್ರವ ತೆಗೆದರು. ಅದರಲ್ಲಿ ಸಕ್ಕರೆಯಿತ್ತು, ಕ್ಲೋರೈಡ್ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಅವು ಇರಲಿಲ್ಲ. ಇದು 1924. ಲುಡ್ವಿಗ್ ಗೆದ್ದ ಎನ್ನುವಷ್ಟರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಮಾರ್ಷಲ್ ಕೆಲವು ಸಮುದ್ರದ ಮೀನುಗಳನ್ನು ಮುಂದಿಟ್ಟ. ಅವುಗಳ ಕಿಡ್ನಿಯಲ್ಲಿ ಉಂಡೆಯೇ ಇಲ್ಲ, ನಳಿಕೆ ಮಾತ್ರ. ಆದರೂ ಅವು ಮೂತ್ರ ಮಾಡುತ್ತವೆ, ರಕ್ತಕ್ಕೆ ಕೊಟ್ಟ ಬಣ್ಣವನ್ನು ಹೊರಹಾಕುತ್ತವೆ. ಸೋಸುವ ಜಾಗವೇ ಇಲ್ಲದ ಮೇಲೆ ನಳಿಕೆಯ ಗೋಡೆಯೇ ಸ್ರವಿಸಿರಬೇಕು. ಹೀಗೆ ಇಬ್ಬರ ಮಾತೂ ಉಳಿಯಿತು. ಸೋಸಿ ಬಂದದ್ದರಲ್ಲಿ ಬೇಕಾದ್ದು ರಕ್ತಕ್ಕೆ ಮರಳುವುದು ಮರುಹೀರಿಕೆ. ಸೋಸುವಾಗ ತಪ್ಪಿಸಿಕೊಂಡು ರಕ್ತದಲ್ಲೇ ಉಳಿದ ಬೇಡದ್ದನ್ನು ನಳಿಕೆಯ ಜೀವಕೋಶಗಳು ಎಳೆದು ಮೂತ್ರಕ್ಕೆ ದೂಡುವುದು ಸ್ರವಿಕೆ.

ಈಗ ನಳಿಕೆಯ ಜೊತೆ ನಡೆಯೋಣ. ಮೊದಲ ಭಾಗ ಸುರುಳಿ ಸುತ್ತಿಕೊಂಡಿರುತ್ತದೆ. ದೊಡ್ಡ ವ್ಯವಹಾರವೆಲ್ಲ ಇಲ್ಲೇ: ನೀರು ಮತ್ತು ಸೋಡಿಯಂನ ಮೂರನೇ ಎರಡು ಪಾಲು, ಬೈಕಾರ್ಬನೇಟಿನ ಐದನೇ ನಾಲ್ಕು ಪಾಲು, ಸಕ್ಕರೆ ಮತ್ತು ಅಮೈನೋ ಆಮ್ಲ ಬಹುತೇಕ ಪೂರ್ತಿ. ನಡೆಸುವ ಶಕ್ತಿ ಒಂದೇ. ಜೀವಕೋಶದ ರಕ್ತದ ಕಡೆಯ ಗೋಡೆಯಲ್ಲಿ ಒಂದು ಪಂಪು ಕೂತಿದೆ. ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಕಂಡ, ನೊಬೆಲ್ ಬಂದದ್ದು ನಲವತ್ತು ವರ್ಷದ ಮೇಲೆ. ಈ ಪಂಪಿನಿಂದ ಜೀವಕೋಶದೊಳಗೆ ಸೋಡಿಯಂ ಸದಾ ಕಡಿಮೆ. ಹಾಗಾಗಿ ನಳಿಕೆಯ ಕಡೆಯಿಂದ ಸೋಡಿಯಂ ಒಳನುಗ್ಗುತ್ತದೆ, ನುಗ್ಗುವಾಗ ಸಕ್ಕರೆಯನ್ನೂ ಅಮೈನೋ ಆಮ್ಲವನ್ನೂ ಜೊತೆಗೆ ಎಳೆದು ತರುತ್ತದೆ. ನೀರು ತಾನಾಗಿ ಹಿಂಬಾಲಿಸುತ್ತದೆ. ಮೈತೂಕದಲ್ಲಿ ನೂರಕ್ಕೆ ಅರ್ಧದಷ್ಟೂ ಇಲ್ಲದ ಕಿಡ್ನಿಗಳು ಹೃದಯ ದೂಡುವ ರಕ್ತದ ಐದನೇ ಒಂದು ಪಾಲನ್ನು ಪಡೆಯುತ್ತವೆ, ಅವು ಅಷ್ಟೊಂದು ಆಮ್ಲಜನಕ ಸುಡುವುದು ಬಹುಮಟ್ಟಿಗೆ ಈ ಸೋಡಿಯಂಗಾಗಿಯೇ.

ಸಕ್ಕರೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಸಭೆಯಲ್ಲಿ ಷುಗರ್ ಇರುವವರು ಇಲ್ಲದೆ ಇರಲಾರರು. ಸಕ್ಕರೆಯನ್ನು ಎತ್ತಿಕೊಳ್ಳುವ ವಾಹಕಗಳ ಸಂಖ್ಯೆಗೆ ಮಿತಿಯಿದೆ. ರಕ್ತದಲ್ಲಿ ಸಕ್ಕರೆ ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿತೆಂದರೆ ಅವುಗಳ ಕೈ ಸಾಲದು, ಉಳಿದದ್ದು ಮೂತ್ರಕ್ಕೆ ಇಳಿಯುತ್ತದೆ. ಇಳಿಯುವಾಗ ನೀರನ್ನೂ ಎಳೆದೊಯ್ಯುತ್ತದೆ. ರಾತ್ರಿ ನಾಲ್ಕೈದು ಸಲ ಏಳುವುದು, ಬಾಯಾರಿಕೆ, ಬಚ್ಚಲಲ್ಲಿ ಇರುವೆ ಮುತ್ತುವುದು ಎಲ್ಲವೂ ಇದರಿಂದಲೇ.

ಇನ್ನೊಂದು ವಿಚಿತ್ರ ನೋಡಿ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಝಿನ್ ಎಂಬ ಕಹಿ ವಸ್ತುವೊಂದನ್ನು ಬೇರ್ಪಡಿಸಿದ್ದರು. ಅರ್ಧ ಶತಮಾನದ ಮೇಲೆ ಫಾನ್ ಮೇರಿಂಗ್ ಎಂಬಾತ ಅದನ್ನು ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂದು ತೋರಿಸಿದ. ಅದು ಮಾಡುವ ಕೆಲಸ ಈ ವಾಹಕಗಳನ್ನು ಕಟ್ಟಿಹಾಕುವುದು. ಅದನ್ನು ತಿದ್ದಿ ತೀಡಿ ಬಂದದ್ದೇ ಇವತ್ತಿನ ಡಾಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಮಾತ್ರೆಗಳು. ಮೊದಲನೆಯದರ ಪೇಟೆಂಟ್ 2020ರಲ್ಲಿ ಭಾರತದಲ್ಲಿ ಮುಗಿದ ಮೇಲೆ ಬೆಲೆ ಇಳಿದು ಸಣ್ಣ ಊರುಗಳ ಔಷಧಿ ಅಂಗಡಿಗೂ ಬಂತು. ಈ ಮಾತ್ರೆ ತೆಗೆದುಕೊಳ್ಳುವವರ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆಗೆ ಮೂರು ಪ್ಲಸ್ ಬಂದರೆ ಗಾಬರಿ ಬೇಡ. ಬರಲೇಬೇಕು, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ.

ಸಕ್ಕರೆ ಇಳಿಸಲು ಬಂದ ಔಷಧಿ ಕಿಡ್ನಿಯನ್ನೂ ಕಾಪಾಡುತ್ತದೆ ಎಂದು 2019, 2020ರ ದೊಡ್ಡ ಪ್ರಯೋಗಗಳಲ್ಲಿ ಗೊತ್ತಾಯಿತು. ಮಧುಮೇಹ ಇಲ್ಲದ ಕಿಡ್ನಿ ರೋಗಿಗಳಲ್ಲೂ ಫಲ ಕಂಡಿತು. ಕಾರಣ ನಳಿಕೆಯ ಒಂದು ಜಾಣತನದಲ್ಲಿದೆ. ನಳಿಕೆ ಮುಂದೆ ಸಾಗಿ, ತಿರುಗಿ ತನ್ನದೇ ಉಂಡೆಯ ಬಾಯಿಗೆ ತಾಗಿಕೊಂಡು ಹೋಗುತ್ತದೆ. ಅಲ್ಲಿ ಹರಿಯುತ್ತಿರುವ ಉಪ್ಪಿನ ಪ್ರಮಾಣ ನೋಡಿ, ಸೋಸುವ ರಭಸವನ್ನು ಹೆಚ್ಚು ಕಡಿಮೆ ಮಾಡಿಸುತ್ತದೆ. ಮಧುಮೇಹದಲ್ಲಿ ಸಕ್ಕರೆಯ ಜೊತೆ ಸೋಡಿಯಂ ಕೂಡ ಮೊದಲೇ ಅತಿಯಾಗಿ ಹೀರಿಹೋಗುವುದರಿಂದ ಈ ಕಾವಲು ಜಾಗಕ್ಕೆ ಉಪ್ಪು ಕಡಿಮೆ ತಲುಪುತ್ತದೆ. ಸೋಸುವುದು ಸಾಲದು ಎಂದು ತಿಳಿದು ಅದು ಉಂಡೆಯ ಮೇಲೆ ಒತ್ತಡ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಈ ಒತ್ತಡದಲ್ಲಿ ಉಂಡೆ ಸವೆಯುತ್ತದೆ. ಮಾತ್ರೆ ಉಪ್ಪನ್ನು ಮುಂದಕ್ಕೆ ಬಿಟ್ಟಾಗ ಒತ್ತಡ ಇಳಿಯುತ್ತದೆ. ನಳಿಕೆಗೆ ಮಾಡಿದ ಚಿಕಿತ್ಸೆ ಜರಡಿಯನ್ನು ಉಳಿಸಿತು. ಒಂದು ಎಚ್ಚರಿಕೆ ಮಾತ್ರ: ಜ್ವರ, ವಾಂತಿ, ಉಪವಾಸದ ದಿನಗಳಲ್ಲಿ ಈ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಸ್ರವಿಕೆಯೂ ಈ ಮೊದಲ ಭಾಗದಲ್ಲೇ ಹೆಚ್ಚು. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಕೊಟ್ಟರು. ಸೋಂಕಿನಿಂದ ಸಾಯುವಂತಿದ್ದವನು ಚೇತರಿಸಿಕೊಳ್ಳತೊಡಗಿದ. ಆದರೆ ಔಷಧಿ ಎಷ್ಟು ಬೇಗ ಮೂತ್ರದಲ್ಲಿ ಹೋಗುತ್ತಿತ್ತೆಂದರೆ, ಆ ಮೂತ್ರವನ್ನು ಹಿಡಿದಿಟ್ಟು, ಪೆನಿಸಿಲಿನ್ ಮರಳಿ ತೆಗೆದು, ಮತ್ತೆ ಅವನಿಗೇ ಚುಚ್ಚಿದರು. ಕೊನೆಗೆ ದಾಸ್ತಾನು ಮುಗಿಯಿತು, ಮಾರ್ಚಿನಲ್ಲಿ ಅವನು ತೀರಿಕೊಂಡ. ಪೆನಿಸಿಲಿನ್ ಬರೀ ಸೋಸಿ ಹೋಗುತ್ತಿದ್ದರೆ ಇಷ್ಟು ವೇಗ ಇರುತ್ತಿರಲಿಲ್ಲ. ನಳಿಕೆಯ ಗೋಡೆ ಅದನ್ನು ರಕ್ತದಿಂದ ಎಳೆದು ಎಳೆದು ಹೊರಹಾಕುತ್ತಿತ್ತು. ಆ ಬಾಗಿಲಿಗೆ ಅಡ್ಡ ನಿಲ್ಲುವ ಪ್ರೊಬೆನೆಸಿಡ್ ಎಂಬ ಔಷಧಿಯನ್ನು ಮುಂದೆ ತಂದರು. ಪೆನಿಸಿಲಿನ್ ಅಗ್ಗವಾದ ಮೇಲೆ ಅದರ ಅಗತ್ಯ ಕುಗ್ಗಿತು. ಆದರೆ ಯೂರಿಕ್ ಆಮ್ಲದ ಮರುಹೀರಿಕೆಯನ್ನೂ ಅದು ತಡೆಯುವುದರಿಂದ ಕೀಲುಬಾವಿನ ಗೌಟ್ ರೋಗಿಗಳಿಗೆ ಬಳಕೆಯಾಯಿತು.

ನಮ್ಮ ಮೆಟ್‌ಫಾರ್ಮಿನ್ ಎಂಬ ಷುಗರ್ ಮಾತ್ರೆ ಕೂಡ ಸ್ರವಿಕೆಯ ದಾರಿಯಲ್ಲೇ ಹೋಗುತ್ತದೆ. ಕಿಡ್ನಿ ಕುಗ್ಗಿದವರಿಗೆ ಅದರ ಪ್ರಮಾಣ ಇಳಿಸುವುದು, ನಿಲ್ಲಿಸುವುದು ಅದಕ್ಕೇ. ಕಿಡ್ನಿಯ ರಿಪೋರ್ಟಿನಿಂದಾಗಿ ಎಲ್ಲರ ಬಾಯಲ್ಲಿರುವ ಕ್ರಿಯಾಟಿನಿನ್ ಕೂಡ ನೂರಕ್ಕೆ ಹತ್ತಿಪ್ಪತ್ತು ಪಾಲು ಸ್ರವಿಸಿಯೇ ಹೊರಬರುತ್ತದೆ. ಸೆಪ್ಟ್ರಾನ್ ಮಾತ್ರೆಯಲ್ಲಿರುವ ಟ್ರೈಮೆಥೊಪ್ರಿಮ್ ಆ ಬಾಗಿಲನ್ನು ಮುಚ್ಚುತ್ತದೆ, ಆಗ ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ರಿಪೋರ್ಟಿನ ಒಂದು ಅಂಕಿ ಹಿಡಿದು ಮನೆಯವರೆಲ್ಲ ಅಳುವ ಮುಂಚೆ ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಹೇಳುವುದು ಒಳ್ಳೆಯದು.

ಈಗ ತೋರಣಗಲ್ಲಿನ ಕುಲುಮೆಗೂ ನಂಟಿರುವ ಭಾಗಕ್ಕೆ ಬರೋಣ. ನಳಿಕೆಯ ಎರಡನೇ ಭಾಗ ಕಿಡ್ನಿಯ ಆಳಕ್ಕೆ ನೇರ ಇಳಿದು, ಹೇರ್‌ಪಿನ್‌ನಂತೆ ತಿರುಗಿ, ಪಕ್ಕದಲ್ಲೇ ಮೇಲೆ ಏರುತ್ತದೆ. 1862ರಲ್ಲಿ ಇದನ್ನು ಗುರುತಿಸಿದ ಹೆನ್ಲೆಯ ಹೆಸರಿನಲ್ಲೇ ಹೆನ್ಲೆಯ ಕುಣಿಕೆ ಎನ್ನುತ್ತಾರೆ. ಇದು ಯಾಕಿದೆ ಎಂದು ಎಂಬತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. 1942ರಲ್ಲಿ ಉತ್ತರ ಕೊಟ್ಟವನು ಬಾಸೆಲ್‌ನ ವೆರ್ನರ್ ಕೂನ್. ವೈದ್ಯನಲ್ಲ, ಭೌತ ರಸಾಯನ ವಿಜ್ಞಾನಿ. ಕೈಗಾರಿಕೆಯಲ್ಲಿ ಆಗಲೇ ರೂಢಿಯಲ್ಲಿದ್ದ ಎದುರು ಹರಿವಿನ ತತ್ತ್ವವನ್ನು ಅವನು ಕುಣಿಕೆಯಲ್ಲಿ ಕಂಡ. ವೈದ್ಯಲೋಕ ಒಪ್ಪಲು ಇನ್ನೂ ಒಂದು ದಶಕ ಬೇಕಾಯಿತು.

1971ರಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಬಿದ್ದು, ಎರಡು ದಶಕಕ್ಕೂ ಹೆಚ್ಚು ಕಾಲ ಕಾದು ಉಕ್ಕು ಕಂಡ ಊರಿನವರಿಗೆ ಈ ತತ್ತ್ವವನ್ನು ನಾನು ಹೇಳಿಕೊಡಬೇಕಾಗಿಲ್ಲ. ನೀವು ಬ್ಲಾಸ್ಟ್ ಫರ್ನೇಸ್ ನೋಡಿದವರು. ಅದಿರು, ಕೋಕ್ ಮೇಲಿನಿಂದ ಇಳಿಯುತ್ತವೆ. ಬಿಸಿಗಾಳಿ ಕೆಳಗಿನಿಂದ ನುಗ್ಗಿ, ಅನಿಲವಾಗಿ ಏರುತ್ತದೆ. ಇಳಿಯುವುದಕ್ಕೂ ಏರುವುದಕ್ಕೂ ದಾರಿಯುದ್ದಕ್ಕೂ ಕೊಡುಕೊಳ್ಳುವಿಕೆ. ಯಾವ ಒಂದು ಮಟ್ಟದಲ್ಲಿ ನೋಡಿದರೂ ಎರಡರ ನಡುವಿನ ಶಾಖದ ವ್ಯತ್ಯಾಸಕ್ಕಿಂತ ತಲೆಗೂ ಬುಡಕ್ಕೂ ಇರುವ ವ್ಯತ್ಯಾಸ ಎಷ್ಟೋ ಪಾಲು ದೊಡ್ಡದು: ಮೇಲೆ ಅನಿಲ ನೂರಿನ್ನೂರು ಡಿಗ್ರಿಯಲ್ಲಿ ಹೊರಬೀಳುತ್ತದೆ, ಕೆಳಗೆ ಕಬ್ಬಿಣ 1500 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹರಿಯುತ್ತದೆ. ಕುಣಿಕೆಯಲ್ಲೂ ಹೀಗೇ, ಶಾಖದ ಜಾಗದಲ್ಲಿ ಉಪ್ಪು. ಏರುವ ಕಾಲಿನ ದಪ್ಪ ಗೋಡೆ ಉಪ್ಪನ್ನು ಹೊರಗೆ ಪಂಪು ಮಾಡುತ್ತದೆ, ನೀರನ್ನು ಬಿಡುವುದಿಲ್ಲ. ಇಳಿಯುವ ಕಾಲು ನೀರು ಬಿಟ್ಟುಕೊಡುತ್ತದೆ. ಒಂದೊಂದು ಮಟ್ಟದಲ್ಲಿ ಈ ಪಂಪು ಉಂಟುಮಾಡಬಲ್ಲ ವ್ಯತ್ಯಾಸ ಲೀಟರಿಗೆ 200 ಮಿಲಿಆಸ್ಮೋಲಿನಷ್ಟು ಮಾತ್ರ (ಕರಗಿರುವ ಕಣಗಳ ಅಳತೆ ಇದು). ಎದುರು ಹರಿವಿನಿಂದ ಅದು ಮೆಟ್ಟಿಲು ಮೆಟ್ಟಿಲಾಗಿ ಕೂಡುತ್ತಾ ಹೋಗಿ, ರಕ್ತದಲ್ಲಿ 290ರಷ್ಟಿರುವ ಸಾಂದ್ರತೆ ಕಿಡ್ನಿಯ ಆಳದ ತುದಿಯಲ್ಲಿ 1200 ಮುಟ್ಟುತ್ತದೆ. ಅದರ ಸುಮಾರು ಅರ್ಧ ಪಾಲು ಯೂರಿಯಾದ ಕೊಡುಗೆ. ಹೊಟ್ಟೆಗೆ ಬೇಳೆಕಾಳು ಸಾಲದವರ ಕಿಡ್ನಿ ಮೂತ್ರವನ್ನು ಪೂರ್ತಿ ಗಟ್ಟಿ ಮಾಡಲಾರದು ಎಂಬುದು ಇದರಿಂದಲೇ. ಕಾಲು ಊದಿದವರಿಗೆ, ಹೃದಯ ಸೋತವರಿಗೆ ಕೊಡುವ ಲ್ಯಾಸಿಕ್ಸ್ ಏರುವ ಕಾಲಿನ ಪಂಪನ್ನೇ ನಿಲ್ಲಿಸುತ್ತದೆ. ಮಾತ್ರೆ ನುಂಗಿದ ಗಂಟೆಯೊಳಗೆ ಓಡಬೇಕಾಗುವುದು ಅದಕ್ಕೇ.

ಇಷ್ಟು ಕಷ್ಟಪಟ್ಟು ಆಳದಲ್ಲಿ ಉಪ್ಪು ಕೂಡಿಟ್ಟದ್ದು ಕೊನೆಯ ಸಂಗ್ರಹನಾಳದ ಉಪಯೋಗಕ್ಕೆ. ಅದು ಈ ಉಪ್ಪಿನ ಪ್ರದೇಶವನ್ನು ಹಾದು ಕೆಳಗಿಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಆಗ ನಾಳದ ಜೀವಕೋಶಗಳು ಒಳಗೆ ಮಡಚಿಟ್ಟ ನೀರಿನ ಕಾಲುವೆಗಳನ್ನು ತಂದು ಗೋಡೆಗೆ ಜೋಡಿಸುತ್ತವೆ. ನೀರು ಉಪ್ಪಿನ ಕಡೆಗೆ ನುಸುಳಿ ರಕ್ತ ಸೇರುತ್ತದೆ. ಆಕ್ವಪೋರಿನ್ ಎಂಬ ಈ ಕಾಲುವೆಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಮದ್ಯ ಈ ವಾಸೊಪ್ರೆಸಿನ್ ಅನ್ನೇ ತಡೆಯುತ್ತದೆ. ಪಾಳಿ ಮುಗಿಸಿ ಬಿಯರ್ ಕುಡಿದು ದೇಹಕ್ಕೆ ನೀರು ಕೊಟ್ಟೆ ಎನ್ನುವವರು ಸ್ವಲ್ಪ ಲೆಕ್ಕ ನೋಡಿಕೊಳ್ಳಿ.

ಬಳ್ಳಾರಿ ಸೀಮೆಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ಚೇಷ್ಟೆ ನಿಮಗೆ ಗೊತ್ತು. ಏಪ್ರಿಲ್, ಮೇನಲ್ಲಿ ನೆರಳಲ್ಲೇ ನಲವತ್ತು ದಾಟುತ್ತದೆ, ಕುಲುಮೆಯ ಬಳಿಯ ಮಾತು ಬೇರೆ. ಇಂಥ ಕಡೆ ದುಡಿಯುವವನಿಗೆ ಗಂಟೆಗೆ ಒಂದು ಲೀಟರ್ ಬೆವರು ದೊಡ್ಡ ಮಾತಲ್ಲ. ದೇಹ ದಿನವೂ ಹೊರಹಾಕಬೇಕಾದ ಕಶ್ಮಲ ಹೆಚ್ಚುಕಡಿಮೆ 600 ಮಿಲಿಆಸ್ಮೋಲ್. ಮೂತ್ರ ಲೀಟರಿಗೆ 1200ಕ್ಕಿಂತ ಗಟ್ಟಿಯಾಗಲಾರದು. ಹಾಗಾಗಿ ಎಷ್ಟೇ ಬಾಯಾರಿದರೂ ದಿನಕ್ಕೆ ಅರ್ಧ ಲೀಟರ್ ಮೂತ್ರ ಹೋಗಲೇಬೇಕು, ಇದಕ್ಕಿಂತ ಕಡಿಮೆ ಮಾಡುವ ಶಕ್ತಿ ನಮ್ಮ ಕುಣಿಕೆಗಿಲ್ಲ. ಬೆವರಿನ ನಷ್ಟವನ್ನು ಕಿಡ್ನಿ ತುಂಬಿಕೊಡುವುದಿಲ್ಲ. ಹೊರಗೆ ಹೋಗುವುದನ್ನು ಬಿಗಿಹಿಡಿಯುತ್ತದೆ, ಅಷ್ಟೇ.

ಬಿಗಿಹಿಡಿದ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ ದಟ್ಟವಾಗುತ್ತವೆ, ಹರಳು ಕಟ್ಟುತ್ತದೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಉಕ್ಕು ಕಾರ್ಮಿಕರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಡ್ನಿಕಲ್ಲು ಸಿಕ್ಕವರಲ್ಲಿ ಹೆಚ್ಚಿನವರು ಶಾಖದ ಬಳಿ ದುಡಿಯುವವರೇ ಆಗಿದ್ದರು. ಕಲ್ಲಾಗುವುದನ್ನು ತಡೆಯುವ ಸಿಟ್ರೇಟ್ ಮೂತ್ರದಲ್ಲಿ ಇರುತ್ತದೆ. ಮೈಯಲ್ಲಿ ಆಮ್ಲ ಹೆಚ್ಚಿದಾಗ ನಳಿಕೆ ಅದನ್ನು ಮೂತ್ರದಲ್ಲಿ ಬಿಡದೆ ತಾನೇ ಹೀರಿಕೊಳ್ಳುತ್ತದೆ. ನಿಂಬೆಹಣ್ಣಿನ ಪಾನಕಕ್ಕೆ ಇಲ್ಲಿ ನಿಜವಾದ ಅರ್ಥವಿದೆ, ಸಕ್ಕರೆ ಸುರಿಯದಿದ್ದರೆ.

ಕಲ್ಲಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಇನ್ನೊಂದು. ಆಳದ ಆ ಉಪ್ಪು ಕೊಚ್ಚಿಹೋಗದಿರಲಿ ಎಂದು ಅಲ್ಲಿ ರಕ್ತ ಬಹಳ ನಿಧಾನವಾಗಿ, ಕಡಿಮೆ ಹರಿಯುತ್ತದೆ. ಉಪ್ಪು ಪಂಪು ಮಾಡುವ ಕೆಲಸಕ್ಕೋ ಆಮ್ಲಜನಕ ಬಹಳ ಬೇಕು. ಅಂದರೆ ದುಡಿಮೆ ಹೆಚ್ಚಿರುವ ಕಡೆಯೇ ಉಸಿರಿಗೆ ಬರ. ಮಾಮೂಲಿ ದಿನಗಳಲ್ಲೇ ಅಂಚಿನಲ್ಲಿ ಬದುಕುವ ಈ ಜೀವಕೋಶಗಳಿಗೆ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ರಕ್ತನಾಳ ಹಿಗ್ಗಿಸಿ ಆಸರೆಯಾಗಿರುತ್ತವೆ. ಬೆವರಿ ನೀರು ಬತ್ತಿದ ಮನುಷ್ಯ ಸಂಜೆ ಮೈಕೈನೋವಿಗೆಂದು ಡೈಕ್ಲೊಫಿನಾಕ್ ನುಂಗಿದರೆ ಆ ಆಸರೆಯೂ ತಪ್ಪುತ್ತದೆ. ಒಂದು ದಿನಕ್ಕೆ ಏನೂ ಆಗದಿರಬಹುದು. ಬೇಸಿಗೆಯುದ್ದಕ್ಕೂ ಇದೇ ನಡೆದರೆ ನಳಿಕೆಗಳು ಸತ್ತು ಗಾಯದ ನಾರು ಕಟ್ಟುವ ಅಪಾಯವಿದೆ. ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬು ಕಡಿಯುವ ಯುವಕರಲ್ಲಿ ಷುಗರ್, ಬಿಪಿ ಎರಡೂ ಇಲ್ಲದೆ ಕಿಡ್ನಿ ಸೋತದ್ದನ್ನು ಕಂಡಾಗ ವೈದ್ಯರ ಅನುಮಾನ ಹೋದದ್ದು ಬಿಸಿಲು ಮತ್ತು ಬತ್ತಿದ ನೀರಿನ ಕಡೆಗೇ. ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲೂ ಇಂಥದೇ ಕಾಯಿಲೆ ಹಳ್ಳಿಹಳ್ಳಿಯನ್ನು ಹಿಡಿದಿದೆ. ಕಾರಣ ಇನ್ನೂ ಪೂರ್ತಿ ಬಗೆಹರಿದಿಲ್ಲ. ಎರಡೂ ಕಡೆ ಪೆಟ್ಟು ಬೀಳುವುದು ಹೆಚ್ಚಾಗಿ ಉಂಡೆಗಲ್ಲ, ನಳಿಕೆ ಮತ್ತು ಅದರ ಸುತ್ತಲಿನ ಜಾಗಕ್ಕೆ. ಹಾಗಾಗಿ ಮೂತ್ರದಲ್ಲಿ ಪ್ರೋಟೀನ್ ಹೆಚ್ಚು ಕಾಣುವುದಿಲ್ಲ, ಕಾಲೂ ಊದುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ದೂರದ ರಾಜ್ಯಗಳಿಂದ ಬಂದ ಕಾಂಟ್ರಾಕ್ಟ್ ಕೆಲಸಗಾರರ ಬಗ್ಗೆ ಒಂದು ಮಾತು. ಬಿಸಿಗೆ ಒಗ್ಗಿಕೊಳ್ಳಲು ಮೈಗೆ ಒಂದೆರಡು ವಾರ ಬೇಕು. ಆ ಅವಧಿಯಲ್ಲಿ ಆಲ್ಡೊಸ್ಟೆರಾನ್ ಎಂಬ ಹಾರ್ಮೋನು ಏರಿ, ಬೆವರಿನ ಗ್ರಂಥಿಯೂ ಕಿಡ್ನಿಯ ನಳಿಕೆಯೂ ಉಪ್ಪನ್ನು ಉಳಿಸುವುದನ್ನು ಕಲಿಯುತ್ತವೆ. ಹೊಸಬರಿಗೆ ಮೊದಲ ದಿನ ಬಿಸಿಯಲ್ಲಿ ಐದನೇ ಒಂದು ಭಾಗದಷ್ಟು ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸುತ್ತಾ ಹೋಗಬೇಕು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಬಂದ ದಿನವೇ ಪೂರ್ತಿ ಪಾಳಿಗೆ ಹಚ್ಚುವ ಮೇಸ್ತ್ರಿಗೆ ಇದನ್ನು ಹೇಳುವವರು ಯಾರು? ಹಾಗೆಯೇ ಶೌಚಾಲಯ ದೂರವೆಂದು ನೀರನ್ನೇ ಕುಡಿಯದೆ ದಿನ ದೂಡುವ ಹೆಣ್ಣುಮಕ್ಕಳು. ಅವರಿಗೆ ನೀರಿನ ಮಹತ್ವ ಬೋಧಿಸುವ ಮೊದಲು ಹತ್ತಿರದಲ್ಲಿ ಬಾಗಿಲಿರುವ ಒಂದು ಶೌಚಾಲಯ ಕಟ್ಟಿಸಬೇಕು.

ನಳಿಕೆಯ ಕೊನೆಯ ಭಾಗವನ್ನು ಬೇಗ ಮುಗಿಸುತ್ತೇನೆ. ಉಳಿದ ಅಷ್ಟಿಷ್ಟು ಸೋಡಿಯಂ ಇಲ್ಲಿ ಆಲ್ಡೊಸ್ಟೆರಾನ್ ಹೇಳಿದಂತೆ ಒಳಬರುತ್ತದೆ, ಬದಲಿಗೆ ಪೊಟ್ಯಾಸಿಯಂ ಹೊರಹೋಗುತ್ತದೆ. ನಾವು ತಿಂದ ಪೊಟ್ಯಾಸಿಯಂ ಮೂತ್ರ ಸೇರುವುದು ಹೆಚ್ಚಾಗಿ ಈ ಸ್ರವಿಕೆಯಿಂದಲೇ. ಊಟದ ಪ್ರೋಟೀನಿನಿಂದ ಹುಟ್ಟುವ ಆಮ್ಲವೂ ಇಲ್ಲೇ ಕೊನೆಗೆ ಹೊರಬೀಳುತ್ತದೆ, ಬಹುಪಾಲು ಅಮೋನಿಯಂ ರೂಪದಲ್ಲಿ. ಈ ಆಮ್ಲಕ್ಕೂ ನಮ್ಮ ನೀರಿಗೂ ನಂಟಿದೆ: ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿರುವುದು ಹಳೆಯ ಸಂಗತಿ. ಆ ಫ್ಲೋರೈಡ್ ಹೊರಹೋಗುವ ಮುಖ್ಯ ದಾರಿ ಕಿಡ್ನಿ. ಮೂತ್ರ ಆಮ್ಲೀಯವಾದಷ್ಟೂ ಅದು ನಳಿಕೆಯಿಂದ ರಕ್ತಕ್ಕೆ ವಾಪಸಾಗುವುದು ಹೆಚ್ಚು. ಕಿಡ್ನಿ ಸೋತವರಿಗೆ ಅದೇ ಊರಿನ ಅದೇ ನೀರು ಉಳಿದವರಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಯವರೆಗೂ ಬಂದಿದೆ. ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಆ ಯಂತ್ರದಲ್ಲಿ ಇರುವುದು ಒಂದು ತೆಳು ಪೊರೆ. ಅದು ಗ್ಲೊಮೆರುಲಸ್ಸಿನ ಕೆಲಸವನ್ನು ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ಮಾಡುತ್ತದೆ. ನಳಿಕೆ ಅದರಲ್ಲಿ ಇಲ್ಲ. ಬೇಕಾದ್ದನ್ನು ಎತ್ತಿಕೊಳ್ಳುವ ತೀರ್ಮಾನ ಯಂತ್ರಕ್ಕೆ ಬಾರದು. ಅದಕ್ಕಾಗಿ ಸೋಡಿಯಂ, ಬೈಕಾರ್ಬನೇಟ್ ಅಳೆದು ಬೆರೆಸಿದ ದ್ರವವನ್ನು ಪೊರೆಯ ಆಚೆ ಹರಿಸುತ್ತಾರೆ. ಸ್ರವಿಕೆಗಂತೂ ಬದಲಿಯೇ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟ್, ಕ್ರೆಸಿಲ್ ಸಲ್ಫೇಟಿನಂಥ ವಿಷಗಳು ರಕ್ತದ ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತವೆ. ಪೊರೆ ಅವನ್ನು ಸರಿಯಾಗಿ ಹಿಡಿಯಲಾರದು. ಜೀವಂತ ನಳಿಕೆ ಆಲ್ಬುಮಿನ್ನಿನಿಂದ ಬಿಡಿಸಿ ಹೊರಹಾಕುತ್ತಿತ್ತು. ಮಿಶಿಗನ್ನಿನ ಡೇವಿಡ್ ಹ್ಯೂಮ್ಸ್ ತಂಡ ಮನುಷ್ಯರ ನಳಿಕೆಯ ಜೀವಕೋಶಗಳನ್ನೇ ಕೊಳವೆಗಳೊಳಗೆ ಬೆಳೆಸಿ, ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿ ರೋಗಿಗಳಲ್ಲಿ ಪ್ರಯೋಗ ಮಾಡಿತು. ಅದು ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬರಲಿಲ್ಲ.

ನಿಮ್ಮ ಮನೆಗಳಲ್ಲಿ, ನೆಂಟರಲ್ಲಿ ಡಯಾಲಿಸಿಸ್ ಮೇಲಿರುವವರಿದ್ದರೆ ಅವರನ್ನು ನೋಡಲು ಎಳನೀರು, ಬಾಳೆಹಣ್ಣು ಹಿಡಿದುಕೊಂಡು ಹೋಗಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಅದನ್ನು ಹೊರಹಾಕುವ ನಳಿಕೆ ಅವರಲ್ಲಿ ಕೆಲಸ ನಿಲ್ಲಿಸಿದೆ, ಮುಂದಿನ ಡಯಾಲಿಸಿಸ್‌ವರೆಗೆ ಅದು ರಕ್ತದಲ್ಲೇ ಕೂಡುತ್ತಾ ಹೋಗಿ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಸೇಬಿನ ಒಂದೆರಡು ಹೋಳು ಪರವಾಗಿಲ್ಲ, ಅದನ್ನೂ ಅವರ ವೈದ್ಯರನ್ನು ಕೇಳಿಯೇ ಕೊಡಿ. ಇನ್ನು ನಿಮ್ಮ ಪ್ರಶ್ನೆಗಳಿಗೆ ಸಮಯ ಬಿಡುತ್ತೇನೆ. ರಿಪೋರ್ಟ್ ತಂದವರು ಮಾತ್ರೆಯ ಚೀಟಿಯನ್ನೂ ಜೊತೆಗೆ ತೋರಿಸಿ.